ಬಾಲದ ಹಿಂದಿನ ಸಂದು

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮರವನ್ನು ಒಮ್ಮೆ ಒರೆಸಿದರೆ ಇಡೀ ಮೈ ಕಪ್ಪಾಗುತ್ತದೆ, ಎರಡು ಉಸಿರು ಎಳೆಯುವಷ್ಟರಲ್ಲಿ ಒಣಗಿ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಬಿರುಕು ಇದ್ದ ಕಡೆ ಮಾತ್ರ ಬೇಗ ಒಣಗುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇನ್ನೂ ನಾಲ್ಕೈದು ಉಸಿರಿನ ಹೊತ್ತು ಉಳಿದಿರುತ್ತದೆ. ಆ ದಿನ ಉಳಿದ ಗೆರೆ ಒಂದೂವರೆ ಅಂಗುಲ ಉದ್ದವಿತ್ತು.

ಬೈರೇಗೌಡರು ಬಗ್ಗಿ ನೋಡಿದರು. ಅವರು ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾಗಿ ಬೈರಾಪಟ್ಟಣದಲ್ಲಿ ಹೊಲ ನೋಡಿಕೊಂಡಿದ್ದವರು. ನಮ್ಮ ಕಾರ್ಖಾನೆಯ ಕೋವಿಗಳನ್ನು ಹೆಗಲಿಗಿಟ್ಟು ಹಾರಿಸಿ ನೋಡುವ ಕೆಲಸ ಅವರದು.

"ಮತ್ತೆ ಒಡೀತಾ?"

"ಒಡೆದಿದೆ."

"ಬೋಲ್ಟ್ ಹಾಕಿದ್ಯಲ್ಲವ್ವ?"

"ಎರಡು ಹಾಕಿದ್ದೆ. ಕುತ್ತಿಗೆಯ ಒಳಗೆ ಉಕ್ಕಿನ ಸರಳೂ ಇತ್ತು."

"ಹಂಗಾರೆ ಮುಂದಿನ್ ಸಲ ಪೂರ್ತಿ ಕಬ್ಬಿಣದ್ದೇ ಮಾಡ್ಬುಡು. ಮರ ಯಾಕೆ, ಸೌದೆಗಾ?"

ಅದು ಒಡೆದ ಮೂರನೆಯ ಸ್ಟಾಕು.

ಸ್ಟಾಕು ಎಂದರೆ ರೈಫಲ್ಲಿನ ಮರದ ಭಾಗ: ಹೆಗಲಿಗೆ ಒತ್ತಿಕೊಳ್ಳುವ ಹಿಂಬದಿ, ಬಲಗೈ ಹಿಡಿಯುವ ತೆಳು ಕುತ್ತಿಗೆ, ನಳಿಗೆಯ ಕೆಳಗೆ ಮುಂದಕ್ಕೆ ಚಾಚಿದ ಭಾಗ. ಕೆಲಸಗಾರರು ಅದನ್ನು ಸುಮ್ಮನೆ 'ಮರ' ಎನ್ನುತ್ತಿದ್ದರು. ದೊಡ್ಡ ಗುಂಡಿನ ರೈಫಲ್ಲು ಒದೆಯುವ ಒದೆತವನ್ನು ಈ ಮರ ತಡೆದುಕೊಳ್ಳುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿತ್ತು. ಎಂಜಿನಿಯರಿಂಗ್ ಮುಗಿಸಿದ್ದ ನಾನು ಕನಕಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಅಂಥ ಒಂದು ಶೆಡ್ಡಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

ಆ ಕೆಲಸ ಬಿಟ್ಟಾಗ ನನಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ನಿವೃತ್ತಿ ಎಂದರೆ ನಗುತ್ತಾರೆ. ಮತ್ತೆ ಹೋಗುವುದಿಲ್ಲವೆಂದು ನಿರ್ಧರಿಸಿದ್ದೇನೆ, ಆದ್ದರಿಂದ ನನ್ನ ಪಾಲಿಗೆ ಅದು ನಿವೃತ್ತಿಯೇ. ಬಿಟ್ಟ ಕಾರಣ ಇಲ್ಲಿ ಬೇಡ. ಈಗ ಇದೇ ಕೆಲಸಕ್ಕೆ ಸೇರಿರುವ ಇಬ್ಬರು ಹುಡುಗಿಯರು ಬಂದು, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆದುಕೊಡಿ ಎಂದು ಕೇಳಿದರು. ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಓದಿದ್ದಾರೆ. ಹಾಗಾಗಿ ನನ್ನ ತಪ್ಪುಗಳನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ಸೇರಿದ ಎರಡನೆಯ ವಾರದಲ್ಲೇ ಆಯಿತು.

ಕನಕಪುರದ ಕಡೆ ಹಳೆಯ ಕಲ್ಲುಕ್ವಾರಿಯೊಂದರಲ್ಲಿ ಪರವಾನಗಿ ಪಡೆದು ಗುಂಡು ಹಾರಿಸಿ ಪರೀಕ್ಷಿಸುವ ಜಾಗವಿತ್ತು. ಮೂರು ಕಡೆ ಬಂಡೆ, ಒಂದು ಕಡೆ ದಾರಿ. ಬೈರೇಗೌಡರು ಹೆಗಲಿಗಿಟ್ಟು ಹಾರಿಸುವುದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ. ಮನುಷ್ಯನ ಹೆಗಲು ದಿನಕ್ಕೊಂದು ರೀತಿ ಇರುತ್ತದೆ, ಒಂದು ಸಲ ಗಟ್ಟಿ ಹಿಡಿಯುತ್ತಾನೆ, ಇನ್ನೊಂದು ಸಲ ಸಡಿಲ. ಪರೀಕ್ಷೆ ಎಂದರೆ ಪ್ರತಿ ಸಲವೂ ಒಂದೇ ರೀತಿ ಇರಬೇಕಲ್ಲವೆ? ನಾನು ಕಬ್ಬಿಣದ ಚೌಕಟ್ಟು ಮಾಡಿಸಿದೆ. ಸ್ಟಾಕಿನ ಹಿಂಬದಿಯನ್ನು ಬಂಡೆಗೆ ಆನಿಸಿ, ಚೌಕಟ್ಟಿನಲ್ಲಿ ಬಿಗಿದು, ದೂರದಿಂದ ಹಗ್ಗ ಎಳೆದು ಹಾರಿಸುವ ಏರ್ಪಾಡು. ಬಹಳ ಹೆಮ್ಮೆಯಿಂದ ಹಗ್ಗ ಎಳೆದೆ. ಮೊದಲ ಗುಂಡಿಗೇ ಸ್ಟಾಕು ಕುತ್ತಿಗೆಯಲ್ಲಿ ಎರಡಾಗಿ ಬಿತ್ತು. ಆ ಸ್ಟಾಕು ಹಿಂದಿನ ದಿನ ಬೈರೇಗೌಡರ ಹೆಗಲ ಮೇಲೆ ಹತ್ತು ಗುಂಡು ತಡೆದಿತ್ತು.

ನಾನು ಚೌಕಟ್ಟಿನ ಮೂಲೆಗಳನ್ನು ಅಳೆಯುತ್ತಾ ನಿಂತಿದ್ದಾಗ ಬೈರೇಗೌಡರು ಬೀಡಿ ಆರಿಸಿ ಹತ್ತಿರ ಬಂದರು.

"ಏನವ್ವ, ನಿಮ್ಮಪ್ಪ ನಿನ್ನ ತಳ್ಳಿದ್ರೆ ಏನ್ ಮಾಡ್ತೀಯ?"

"ಹಿಂದೆ ಹೋಗ್ತೀನಿ."

"ಹಿಂದ್ಗಡೆ ಗೋಡೆ ಇದ್ರೆ?"

ನನಗೆ ಆಗ ತಿಳಿಯಿತು. ಹೆಗಲು ಹಿಂದೆ ಸರಿಯುತ್ತದೆ. ಬಂಡೆ ಸರಿಯುವುದಿಲ್ಲ. ಸರಿಯಲಾಗದ ಒದೆತ ಪೂರ್ತಿ ಮರದ ಒಳಗೇ ಉಳಿಯುತ್ತದೆ. ಹೆಗಲು ದಿನಕ್ಕೊಂದು ರೀತಿ ಇರುತ್ತದೆ ಎಂಬುದು ನಿಜ, ಆದರೆ ಕೋವಿಯನ್ನು ಬಳಸುವುದು ಹೆಗಲಿನಿಂದಲೇ. ಆ ಚೌಕಟ್ಟನ್ನು ಆಮೇಲೆ ಹಲಗೆಗಳನ್ನು ಒಣಗಿಸಲು ಜೋಡಿಸುವ ಸ್ಟ್ಯಾಂಡಾಗಿ ಬಳಸಿಕೊಂಡೆವು.

ಎರಡನೆಯ ತಪ್ಪು ಇನ್ನೂ ಅವಮಾನದ್ದು. ನಾನು ಬರುವ ಮೊದಲು, ಸ್ಟಾಕಿನಲ್ಲಿ ರೈಫಲ್ಲಿನ ಉಕ್ಕಿನ ಭಾಗ ಕೂರುವ ಗುಂಡಿಯಲ್ಲಿ ಮರ ಸರಿಯಾಗಿ ತಾಗದ ಕಡೆ ಬಡಗಿಗಳು ವಜ್ರ ಎನ್ನುವ ಬಿಸಿ ಅಂಟು ಹಚ್ಚಿ, ಮರದ ಚಕ್ಕೆ ತುರುಕುತ್ತಿದ್ದರು. ನಾನು ಎರಡು ಡಬ್ಬಿಯ ಅಂಟು ತರಿಸಿದೆ. ಎರಡನ್ನೂ ಬೆರೆಸಿ, ಗಾಜಿನ ನಾರು ಕಲಸಿ ಹಚ್ಚಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮರ ತೇವಕ್ಕೆ ಉಬ್ಬಿದರೂ ಅದು ಉಬ್ಬುವುದಿಲ್ಲ. ಉಕ್ಕಿನ ಆಕಾರಕ್ಕೆ ಸರಿಯಾದ ಕಬ್ಬಿಣದ ಅಚ್ಚನ್ನು ಅಂಟಿನ ಮೇಲೆ ಒತ್ತಿಟ್ಟು ಒಂದು ದಿನ ಬಿಡಬೇಕು, ಆಮೇಲೆ ಎತ್ತಬೇಕು. ಅಚ್ಚಿಗೆ ಮೊದಲೇ ಮೇಣ ಸವರಿರಬೇಕು. ನಾನು ಮರೆತೆ.

ಮಾರನೆಯ ದಿನ ಅಚ್ಚು ಏಳಲಿಲ್ಲ. ನಾಲ್ಕು ಜನ ಎಳೆದರೂ ಏಳಲಿಲ್ಲ. ಕಾರ್ಖಾನೆಯ ಯಜಮಾನರು ಪುಟ್ಟರಾಜು, ಮಾಗಡಿ ಕಡೆಯ ಗುಡೇಮಾರನಹಳ್ಳಿಯವರು. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಬಿಡಮ್ಮ, ಮದುವೆ ಆಗೋಗೈತೆ. ಇನ್ ಬಿಡ್ಸೋಕಾಗಲ್ಲ" ಎಂದರು. ಕಬ್ಬಿಣ ತಣ್ಣಗಾದರೆ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ ಎಂದು ಓದಿದ್ದು ನೆನಪಾಯಿತು. ಪಕ್ಕದ ರಸ್ತೆಯ ಐಸ್ ಕ್ಯಾಂಡಿ ಕಾರ್ಖಾನೆಯವರನ್ನು ಬೇಡಿಕೊಂಡು ಅವರ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಕ್ಯಾಂಡಿಗಳ ನಡುವೆ ಸ್ಟಾಕನ್ನು ಮಧ್ಯಾಹ್ನದವರೆಗೆ ಇಟ್ಟೆ. ಹೊರಗೆ ತೆಗೆದು ಮರದ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟಾಗ ಟಿಕ್ ಎಂದು ಬಿಟ್ಟುಕೊಂಡಿತು. ಅಂಟಿನಲ್ಲಿ ಅಚ್ಚಿನ ಮೇಲಿದ್ದ ಗರಗಸದ ಗೀರು ಸಹ ಮೂಡಿತ್ತು. ನನಗೆ ಅವಮಾನ ಮರೆತುಹೋಯಿತು. ಅಷ್ಟು ನಿಖರವಾದ ಅಚ್ಚನ್ನು ನಾನು ಮೊದಲು ನೋಡಿರಲಿಲ್ಲ. ಕೆಲಸಗಾರರು ಮಾತ್ರ ಆರು ತಿಂಗಳು ನನ್ನನ್ನು ನೋಡಿದಾಗಲೆಲ್ಲ ಕ್ಯಾಂಡಿ ಕೇಳುತ್ತಿದ್ದರು.

ಇನ್ನು ರಹಮತ್ ಸಾಬ್ರ ವಿಷಯ.

ರಹಮತ್ ಚನ್ನಪಟ್ಟಣದವರು, ಐವತ್ತು ದಾಟಿದವರು, ಗೊಂಬೆ ಮಾಡುವ ಮನೆತನ. ಮನೆಯಲ್ಲಿದ್ದ ಲೇತನ್ನು ತಮ್ಮನಿಗೆ ಬಿಟ್ಟುಕೊಟ್ಟು ನಮ್ಮಲ್ಲಿ ಕೊನೆಯ ಕೈಕೆಲಸಕ್ಕೆ ಸೇರಿದರು. ವಾರದ ದಿನಗಳಲ್ಲಿ ಹಾರೋಹಳ್ಳಿಯ ಸಂಬಂಧಿಕರ ಮನೆಯಲ್ಲಿದ್ದು ಭಾನುವಾರ ಊರಿಗೆ ಹೋಗುತ್ತಿದ್ದರು. ಅವರಿಗಿಂತ ಮೊದಲು ಉಕ್ಕನ್ನು ಮರಕ್ಕೆ ಕೂರಿಸುತ್ತಿದ್ದವನು ಮಾದೇವ ಎಂಬ ಬಡಗಿ. ಬಾಗಿಲು ಚೌಕಟ್ಟು ಮಾಡಿ ಅಭ್ಯಾಸವಾದ ಕೈ ಅವನದು. ಅವನು ಕೂರಿಸಿದ ಸ್ಟಾಕುಗಳಲ್ಲಿ ಉಕ್ಕು ಮತ್ತು ಮರದ ನಡುವೆ ಇರುವೆ ಹೋಗುವಷ್ಟು ಜಾಗ ಇರುತ್ತಿತ್ತು. ರಹಮತ್ ಮೊದಲ ದಿನ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಏನ್ ಮಾದೇವಣ್ಣ, ಇದ್ರಲ್ಲಿ ಬಾಡಿಗೆಗೆ ಯಾರ್ನ ಇಡ್ಬೇಕು ಅಂತ?"

"ಹೇ ಸಾಬ್ರೆ, ಕೋವಿ ಅದು, ಗೊಂಬೆಯಲ್ಲ. ಒಸಿ ಗಾಳಿ ಆಡ್ಲಿ ಬಿಡಿ."

"ಗಾಳಿ ಬೇಕಾದ್ರೆ ಕಿಟ್ಕಿ ಇಡಿ ಸ್ವಾಮಿ."

ರಹಮತ್ ಕೂರಿಸಿದ ಮೊದಲ ಸ್ಟಾಕನ್ನು ನಾನು ಕಿಟಕಿಯ ಹತ್ತಿರ ಒಯ್ದು ನೋಡಿದೆ. ಉಕ್ಕು ಎಲ್ಲಿ ಮುಗಿಯುತ್ತದೆ, ಮರ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕಾಶ್ಮೀರದಿಂದ ಬರುತ್ತಿದ್ದ ಅಕ್ರೋಟ್ ಮರದ ಎಳೆ ಉಕ್ಕಿನ ಅಂಚಿನವರೆಗೂ ಹರಿದು ಬಂದು ಅದರ ಕೆಳಗೆ ನುಸುಳಿಹೋದಂತೆ ಕಾಣುತ್ತಿತ್ತು. ಪುಟ್ಟರಾಜು ಅವರು ಅದನ್ನು ಆಫೀಸಿನ ಮೇಜಿನ ಮೇಲೆ ಒಂದು ವಾರ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು.

ಅದೇ ಸಮಯಕ್ಕೆ ಒಂದು ಕಂಪನಿಯವರು ದೊಡ್ಡ ಗುಂಡಿನ ರೈಫಲ್ಲಿಗೆ ಹನ್ನೆರಡು ಸ್ಟಾಕು ಕೇಳಿದರು. ಅವು ಒಪ್ಪಿಗೆಯಾದರೆ ಮುಂದೆ ವರ್ಷವಿಡೀ ಕೆಲಸ. ಆ ರೈಫಲ್ಲಿನ ಒದೆತ ನಮ್ಮ ಮೊದಲಿನವುಗಳ ಎರಡರಷ್ಟಿತ್ತು. ಬೈರೇಗೌಡರು ಮೊದಲ ಗುಂಡು ಹಾರಿಸಿ, ಹೆಗಲು ನೀವಿಕೊಂಡು, "ಕತ್ತೆ ಒದ್ದಂಗಾಯ್ತದೆ. ಅಲ್ಲ, ಕತ್ತೆ ಒದ್ರೆ ಹಿಂದ್ಗಡೆ ನಿಂತಿದ್ದಕ್ಕೆ ನಮ್ದೇ ತಪ್ಪು ಅನ್ಬೋದು" ಎಂದರು.

ಮೊದಲ ಸ್ಟಾಕು ಆರನೆಯ ಗುಂಡಿಗೆ ಬಿರಿಯಿತು. ಮರಕ್ಕೆ ಅಡ್ಡಲಾಗಿ ಒಂದು ಉಕ್ಕಿನ ಬೋಲ್ಟು ಹಾಕಿ ಬಿಗಿದಿದ್ದೆ. ಎರಡನೆಯದಕ್ಕೆ ಎರಡು ಬೋಲ್ಟು ಹಾಕಿದೆ. ಅದು ಎಂಟಕ್ಕೆ ಬಿರಿಯಿತು. ಮೂರನೆಯದಕ್ಕೆ ಎರಡು ಬೋಲ್ಟಿನ ಜೊತೆ ಕುತ್ತಿಗೆಯ ಒಳಗೆ ಉದ್ದಕ್ಕೆ ರಂಧ್ರ ಕೊರೆದು ಉಕ್ಕಿನ ಸರಳನ್ನು ಅಂಟಿಸಿ ಕೂರಿಸಿದೆ. ಅದೂ ಬಿರಿಯಿತು. ಮೊದಲು ಹೇಳಿದ ಒಂದೂವರೆ ಅಂಗುಲದ ಗೆರೆ ಅದರದ್ದೇ. ಎಷ್ಟು ಬಲ ತುಂಬಿದರೂ ಬಿರುಕು ಅದೇ ಜಾಗದಲ್ಲಿ ಹುಟ್ಟಿ ಅದೇ ದಿಕ್ಕಿನಲ್ಲಿ ಓಡುತ್ತಿತ್ತು.

ಕ್ವಾರಿಯಿಂದ ವಾಪಸು ಬರುವಾಗ ಪುಟ್ಟರಾಜು ಜೀಪು ಓಡಿಸುತ್ತಲೇ ಹೇಳಿದರು: "ನೋಡಮ್ಮ, ಶನಿವಾರ ನಾಕನೇದು. ಅದೂ ಹೋದ್ರೆ ನಾನು ಮರ ಬುಟ್ಬುಡ್ತೀನಿ. ಪ್ಲಾಸ್ಟಿಕ್ ಅಚ್ಚಿನೋರು ಪುಣೆಯಿಂದ ದಿನಾ ಫೋನ್ ಮಾಡ್ತಾವ್ರೆ."

"ಮರದ ಕೆಲಸದವರು ಸಾರ್?"

"ಮಾದೇವ ಬಾಗ್ಲು ಮಾಡ್ಕತಾನೆ. ಇನ್ನಿಬ್ರು ಪ್ಯಾಕಿಂಗ್‌ಗೆ ಹೋಯ್ತಾರೆ." ಸ್ವಲ್ಪ ದೂರ ಹೋದ ಮೇಲೆ, "ಸಾಬ್ರಿಗೇ ಕಷ್ಟ. ಲೇತ್ ತಮ್ಮನಿಗೆ ಕೊಟ್ಬುಟ್ಟವ್ರೆ" ಎಂದರು.

ನನಗೆ ಆ ರಾತ್ರಿ ನಿದ್ದೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಚಿಂತೆಗಿಂತ ಕುತೂಹಲ ಹೆಚ್ಚಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು: ಮಾದೇವ ಕೂರಿಸಿದ ಹಳೆಯ ಸ್ಟಾಕುಗಳು ಯಾಕೆ ಒಡೆದಿರಲಿಲ್ಲ? ಅವುಗಳ ಒದೆತ ಕಡಿಮೆ, ನಿಜ. ಆದರೆ ಅವುಗಳಲ್ಲಿ ಒಂದನ್ನು, ಪ್ರಯೋಗಕ್ಕೆಂದು, ಇದೇ ದೊಡ್ಡ ರೈಫಲ್ಲಿಗೆ ಹೊಂದಿಸಿ ಬೈರೇಗೌಡರು ಆ ಕೆಲಸ ಬಂದ ಮೊದಲ ವಾರ ಹಾರಿಸಿದ್ದರು. ಹದಿನೈದು ಗುಂಡು. ಅದರಲ್ಲಿ ಒಂದೇ ಬೋಲ್ಟಿತ್ತು. ಒರಟಾಗಿ ಕೂರಿಸಿದ್ದು ಬಾಳಿತು, ರಹಮತ್ ನಾಜೂಕಾಗಿ ಕೂರಿಸಿದ ಮೂರೂ ಒಡೆದವು. ನನ್ನ ಯಾವ ಲೆಕ್ಕದಲ್ಲೂ ಹೀಗಾಗಬಾರದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ರೈಫಲ್ಲಿನ ಉಕ್ಕಿನ ಭಾಗಕ್ಕೆ ಕೆಳಗೆ ಒಂದು ದಪ್ಪ ಹಲ್ಲು ಇರುತ್ತದೆ. ಒದೆತವನ್ನು ಮರಕ್ಕೆ ದಾಟಿಸುವುದು ಆ ಹಲ್ಲಿನ ಕೆಲಸ. ಅದರ ಹಿಂದೆ ಮರ ದಪ್ಪವಾಗಿರುತ್ತದೆ, ನಾವು ಹಾಕುವ ಬೋಲ್ಟೂ ಅಲ್ಲೇ ಇರುತ್ತದೆ. ಉಕ್ಕಿನ ಹಿಂದಿನ ತುದಿ ತೆಳ್ಳಗೆ ಬಾಲದ ಹಾಗೆ ಚಾಚಿಕೊಂಡು ಸ್ಟಾಕಿನ ಕುತ್ತಿಗೆಯಲ್ಲಿ ಮುಗಿಯುತ್ತದೆ. ಈ ಬಾಲ ಮರವನ್ನು ತಳ್ಳಬಾರದು. ತಳ್ಳಿದರೆ ಸೌದೆ ಸೀಳುವ ಕೊಡಲಿಯ ಹಾಗೆ ಮರದ ಎಳೆಯ ಉದ್ದಕ್ಕೆ ಕುತ್ತಿಗೆಯನ್ನು ಸೀಳುತ್ತದೆ. ಅದಕ್ಕೇ ಬಾಲದ ಹಿಂದೆ, ಎರಡು ಪೋಸ್ಟ್‌ಕಾರ್ಡು ಜೋಡಿಸಿದಷ್ಟು ದಪ್ಪದ ಸಂದು ಬಿಡಬೇಕು. ನಾನು ನಕ್ಷೆಯಲ್ಲಿ ಅದನ್ನು ಬರೆದಿದ್ದೆ. ಮರ ಕೊರೆದ ಮೇಲೆ ಪ್ರತಿಯೊಂದರಲ್ಲೂ ಅಳತೆಯ ತಗಡು ತೂರಿಸಿ ನೋಡಿ, ಸರಿಯಿದೆ ಎಂದು ಸಹಿ ಹಾಕಿದ್ದೆ.

ಕಾರ್ಖಾನೆಗೆ ಹೋದವಳೇ ಒಡೆದ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರರಲ್ಲೂ ಬಿರುಕು ಬಾಲದ ತುದಿಯಿಂದಲೇ ಹೊರಟಿತ್ತು. ಸ್ಪಿರಿಟ್ಟಿನ ಬಟ್ಟೆಯನ್ನು ಈ ಸಲ ಬಾಲದ ಅಂಚಿಗೆ ಒತ್ತಿ ಹಿಡಿದು ನೂರು ಎಣಿಸಿದೆ. ಎತ್ತಿದಾಗ ಬಿಳಿ ಬಟ್ಟೆಯ ಮೇಲೆ ಕಂದು ಬಣ್ಣದ ಅರ್ಧಚಂದ್ರ ಮೂಡಿತ್ತು. ಬಾಲದ ತುದಿಯ ಆಕಾರವೇ ಅದು. ನಮ್ಮ ಮರಕ್ಕೆ ನಾವು ಹಚ್ಚುತ್ತಿದ್ದುದು ಅಗಸೆ ಎಣ್ಣೆ. ಅದು ಸ್ಪಿರಿಟ್ಟಿಗೆ ಹೀಗೆ ಕರಗುವುದಿಲ್ಲ. ಬಟ್ಟೆಯನ್ನು ಮೂಗಿಗೆ ಹಿಡಿದೆ. ಚನ್ನಪಟ್ಟಣದ ಗೊಂಬೆ ಅಂಗಡಿಗೆ ಹೋದಾಗ ಬರುವ ವಾಸನೆ.

ಅರಗು.

ನಾಲ್ಕನೆಯ ಸ್ಟಾಕು ರಹಮತ್ ಕೂರುವ ಬೆಂಚಿನಲ್ಲಿತ್ತು, ಅಲ್ಲಿಗೆ ಹೋದೆ. ಅವರು ಅದರ ಹಿಂಬದಿಯನ್ನು ಉಜ್ಜಿ ನಯ ಮಾಡಲು ತಾಳೆಗರಿಯನ್ನು ಮಡಚುತ್ತಿದ್ದರು. ಮರಳು ಕಾಗದದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

"ಸಾಬ್ರೇ, ಬಾಲದ ಹಿಂದೆ ಏನಾದರೂ ತುಂಬಿದ್ದೀರಾ?"

ಅವರ ಮುಖ ಅರಳಿತು. "ಗೊತ್ತಾಗ್ಬುಡ್ತಾ ಮೇಡಮ್ಮ? ಯಾರ್ಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಅಕ್ರೋಟ್ ಬಣ್ಣಕ್ಕೆ ಅರಗು ಕಲ್ಸೋಕೆ ಎರಡು ದಿನ ಆಯ್ತು. ಮೂರು ಸಲ ಕಪ್ಪಾಗೋಯ್ತು."

"ಯಾಕೆ ತುಂಬಿದಿರಿ?"

ಅವರು ನನ್ನನ್ನು ನೋಡಿದರು. ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ.

"ಸಂದು ಇತ್ತಲ್ಲ ಮೇಡಮ್ಮ."

"ನಕ್ಷೆಯಲ್ಲಿ ಸಂದು ಬಿಡಿ ಅಂತ ಬರೆದಿತ್ತು."

"ಬರ್ದಿದ್ರಿ. ನೋಡ್ದೆ. ನಮ್ ಗೊಂಬೆಗೂ ಪಟ್ಣದ ದೊಡ್ ಅಂಗಡಿಯೋರು ಹಂಗೇ ಬರ್ದು ಕಳಿಸ್ತಾರೆ. ತಲೆಗೂ ಮೈಗೂ ನಡುವೆ ಇಷ್ಟು ಸಂದು ಬಿದ್ರೆ ತಗೋತೀವಿ, ಅದಕ್ಕಿಂತ ಜಾಸ್ತಿ ಬಿದ್ರೆ ವಾಪಸ್ ಅಂತ. ಅದು ಕೈ ಬರ್ದೇ ಇರೋರ್ಗೆ ಕೊಡೋ ಮಾಫಿ. ನೀವೂ ಮಾದೇವನ್ ಕೆಲ್ಸ ನೋಡಿ ಮಾಫಿ ಕೊಟ್ಟಿದ್ದೀರಿ ಅಂದ್ಕೊಂಡೆ." ಅವರು ನಕ್ಕರು. "ನಂಗ್ಯಾಕೆ ಮಾಫಿ? ನಮ್ಮಪ್ಪ ಕೂರ್ಸಿದ್ ತಲೇಲಿ ಕೂದ್ಲು ಹೋಗ್ತಿರ್ಲಿಲ್ಲ. ನೀವು ಅಳತೆ ನೋಡಿ ಸಹಿ ಹಾಕ್ಲಿ ಅಂತ ಸಂದು ಬಿಡ್ತಿದ್ದೆ, ಆಮೇಲೆ ಚಾಕು ಬಿಸಿ ಮಾಡಿ ಅರಗು ಇಳಿಸ್ತಿದ್ದೆ."

ನನ್ನ ನಕ್ಷೆಯ ಆ ಗೆರೆ ಅವರ ಕಣ್ಣಿಗೆ ಹೇಗೆ ಕಂಡಿತ್ತು ಎಂಬುದು ಆಗ ತಿಳಿಯಿತು. ಅವರ ಕಸುಬಿನಲ್ಲಿ ಸಂದಿಗೆ ಬರೆದ ಅಂಕೆ ಎಂದರೆ ಕ್ಷಮಿಸಬಹುದಾದ ದೋಷದ ಮಿತಿ. ಬೇಕೆಂದೇ ಬಿಡುವ ಸಂದು ಎಂಬುದು ಅವರ ತಂದೆಯ ಕಾಲದಿಂದಲೂ ಅವರ ಮನೆಯಲ್ಲಿ ಇರಲಿಲ್ಲ. ನಾನು ಅಂಕೆ ಬರೆದಿದ್ದೆ, ಕಾರಣ ಬರೆದಿರಲಿಲ್ಲ. ಬಾಯಲ್ಲೂ ಹೇಳಿರಲಿಲ್ಲ. ಕೆಲಸದ ವಿಷಯದಲ್ಲೂ ನಾನು ಹೆಚ್ಚು ಮಾತನಾಡುವವಳಲ್ಲ. ನಕ್ಷೆ ಸರಿಯಾಗಿದ್ದರೆ ಸಾಕು ಎಂದುಕೊಂಡಿದ್ದೆ.

ಅಷ್ಟನ್ನು ಆ ಕ್ಷಣವೇ ಅವರಿಗೆ ಹೇಳಬೇಕಿತ್ತು. ಅದರ ಬದಲು ನಾನು, "ಮೂರೂ ಅದರಿಂದಲೇ ಒಡೆದವು" ಎಂದೆ. ಅಳತೆ ಓದಿ ಹೇಳುವ ದನಿಯಲ್ಲಿ ಹೇಳಿದೆ. ಪಕ್ಕದ ಬೆಂಚಿನಲ್ಲಿ ಮಾದೇವ ಇದ್ದ. ಹಿಂದೆ ಪುಟ್ಟರಾಜು ಬಂದು ನಿಂತಿದ್ದರು. ನಾನು ನೋಡಿರಲಿಲ್ಲ.

"ಏನು? ಸಾಬ್ರು ತುಂಬಿದ್ರಾ?" ಪುಟ್ಟರಾಜು ಅವರ ದನಿ ಏರಿತು. "ಆ ಕೈ ಚಿನ್ನ ಅಂತ ಊರೆಲ್ಲ ತೋರಿಸ್ಕಂಡ್ ಬಂದೆ ನಾನು! ಬೈರೇಗೌಡನ ಕೈಗೆ ಚಕ್ಕೆ ಚುಚ್ಚಿದ್ರೆ ಯಾರ್ ಜವಾಬ್ದಾರಿ? ಏನಮ್ಮ, ಯಾರು ಮಾಡಿದ್ದು, ಏನು ಮಾಡಿದ್ದು, ಎಲ್ಲ ಬರ್ದು ಇವತ್ತೇ ಕೊಡು. ಕಂಪ್ನಿಗೆ ಕಳಿಸ್ಬೇಕು."

ರಹಮತ್ ತಾಳೆಗರಿಯನ್ನು ಬಿಚ್ಚಿ ಬೆಂಚಿನ ಮೇಲೆ ನೇರ ಮಾಡಿಟ್ಟರು. ತಮ್ಮ ಚಾಕು, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿದರು. ಮಾದೇವ ಎದ್ದು, "ಏ ಸಾಬ್ರೆ, ಕುಂತ್ಕಳಿ ಸುಮ್ನೆ, ಯಜಮಾನ್ರು ಕೂಗಾಡ್ತಾರೆ, ಆರೋಯ್ತದೆ" ಎಂದ. ಅವರು ತಲೆಯಾಡಿಸಿ ಹೊರಗೆ ಹೋದರು. ಅದು ಶುಕ್ರವಾರ. ಅವರು ಭಾನುವಾರದವರೆಗೆ ಕಾಯದೆ ಊರಿಗೆ ಹೋದರು.

ನಾಲ್ಕನೆಯ ಸ್ಟಾಕಿನ ಅರಗನ್ನು ಮಾದೇವ ಕೆರೆದು ತೆಗೆದ. ಶನಿವಾರ ಕ್ವಾರಿಗೆ ಹೋದೆವು. ಬೈರೇಗೌಡರು ಮರವನ್ನು ತಿರುಗಿಸಿ ನೋಡಿ ಪುಟ್ಟರಾಜು ಅವರಿಗೆ, "ಏನ್ಲಾ ಪುಟ್ರಾಜ, ಕೈ ಹೋದ್ರೆ ನನ್ ರಾಗಿ ನೀನ್ ಬಂದು ಕುಯ್ಕೊಡ್ಬೇಕು" ಎಂದರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಪುಟ್ಟರಾಜು ನಗಲಿಲ್ಲ. ಆರು ಗುಂಡಾಯಿತು, ಎಂಟಾಯಿತು, ಹತ್ತಾಯಿತು. ಪ್ರತಿ ಗುಂಡಿನ ಮೇಲೂ ನಾನು ಸ್ಪಿರಿಟ್ಟಿನಿಂದ ಒರೆಸಿ ಕಾದೆ. ಎಲ್ಲಾ ಕಡೆ ಒಂದೇ ಸಮನೆ ಒಣಗಿತು. ಇಪ್ಪತ್ತಕ್ಕೆ ಬೈರೇಗೌಡರು, "ಮರಕ್ಕೇನೂ ಆಗಿಲ್ಲ, ನಂಗಾಗೈತೆ" ಎಂದು ಕೆಳಗಿಟ್ಟರು.

ಮರ ಉಳಿಯಿತು. ಜೀಪಿನಲ್ಲಿ ಪುಟ್ಟರಾಜು ಶಿಳ್ಳೆ ಹಾಕಿಕೊಂಡು ಬಂದರು. ಕಾರ್ಖಾನೆಗೆ ಬಂದ ಮೇಲೆ ನಾನು ವರದಿ ಬರೆದು ಅವರ ಮೇಜಿನ ಮೇಲೆ ಇಟ್ಟೆ. ಅರ್ಧ ಪುಟ. 'ಕಾರಣ' ಎಂಬಲ್ಲಿ ಹೀಗೆ ಬರೆದಿದ್ದೆ: ಬಾಲದ ಹಿಂದಿನ ಸಂದು ಅರಗಿನಿಂದ ತುಂಬಿತ್ತು. ಸಂದು ಯಾಕೆ ಬೇಕು ಎಂದು ನಕ್ಷೆಯಲ್ಲಿ ಹೇಳಿರಲಿಲ್ಲ. ಕೊನೆಯ ಕೈಕೆಲಸ ಮುಗಿದ ಮೇಲೆ ಸಂದನ್ನು ಮತ್ತೆ ಅಳೆದಿರಲಿಲ್ಲ. ನಕ್ಷೆಯೂ ಅಳತೆಯೂ ನನ್ನವು.

ಪುಟ್ಟರಾಜು ಎರಡು ಸಲ ಓದಿದರು. "ಸಾಬ್ರ ಹೆಸರೆಲ್ಲಿ?"

"ಅವರು ತುಂಬಿದ್ದು ನಿಜ ಸಾರ್. ತುಂಬಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ."

"ಇದ್ನ ಕಂಪ್ನಿಯೋರು ಓದಿದ್ರೆ ನಿನ್ನ ಏನಂತಾರೆ?"

"ಗೊತ್ತಿಲ್ಲ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನು ಹನ್ನೊಂದು ಮರ ಕೂರ್ಸೋದೈತೆ. ಮಾದೇವ ಕೂರ್ಸಿದ್ರೆ ಒಡೆಯಕಿಲ್ಲ, ಆದ್ರೆ ನೋಡಿದೋರು ವಾಪಸ್ ಕಳಿಸ್ತಾರೆ. ನಾನ್ ಹೋಗಿ ಕರ್ದ್ರೆ ಬರಕಿಲ್ಲ ಆ ಮನುಷ್ಯ, ನಂಗೊತ್ತು. ನೀನು ಕರ್ದು ನೋಡು. ಬಂದ್ರೆ ಬರ್ಲಿ."

ಆ ಸಂಜೆ ಮಾದೇವನನ್ನು ಬಿಟ್ಟು ಎಲ್ಲರೂ ಹೋದ ಮೇಲೆ ಅಕ್ರೋಟಿನ ಒಂದೇ ಹಲಗೆಯ ತುಂಡಿನಿಂದ ಅಂಗೈ ಅಗಲದ ಎರಡು ಮರ ಕೊಯ್ದೆ. ಎರಡಕ್ಕೂ ಮಾದೇವನಿಂದ ಹಲ್ಲು ಮತ್ತು ಬಾಲ ಕೂರುವ ಗುಂಡಿ ಕೊರೆಸಿದೆ. ಒಂದರ ಬಾಲದ ಹಿಂದೆ ಸಂದು ಬಿಟ್ಟು, ಇನ್ನೊಂದರ ಸಂದಿಗೆ ರಹಮತ್ ಅವರ ಬೆಂಚಿನಲ್ಲೇ ಉಳಿದಿದ್ದ ಅರಗನ್ನು ಕರಗಿಸಿ ತುಂಬಿದೆ. ನನ್ನ ಕೆಲಸ ಕೊಳಕಾಗಿತ್ತು. ಅರಗು ಅಂಚಿನಿಂದ ಹೊರಗೆ ಹರಿದಿತ್ತು.

ಮರುದಿನ ಬೆಳಿಗ್ಗೆ ಕನಕಪುರದಿಂದ ಸಾತನೂರಿನ ಮೇಲೆ ಹೋಗುವ ಚನ್ನಪಟ್ಟಣದ ಬಸ್ಸು ಹತ್ತಿದೆ. ರಹಮತ್ ಅವರ ಬೀದಿಯಲ್ಲಿ ಭಾನುವಾರವೂ ಲೇತಿನ ಸದ್ದಿತ್ತು. ಅವರು ಮನೆಯ ಮುಂದಿನ ಜಗಲಿಯಲ್ಲಿ ಕುಳಿತು ತಮ್ಮನ ಕೆಲಸ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬನ್ನಿ ಮೇಡಮ್ಮ" ಎಂದು ಹೇಳಿದರು, ಕುಳಿತುಕೊಳ್ಳಿ ಎಂದು ಹೇಳಲಿಲ್ಲ.

ಬಸ್ಸಿನಲ್ಲಿ ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತುಹೋಯಿತು. ಚೀಲದಿಂದ ಎರಡು ಮರ ತೆಗೆದು ಜಗಲಿಯ ಮೇಲೆ ನಿಲ್ಲಿಸಿದೆ, ಜೊತೆಗೆ ತಂದಿದ್ದ, ಹಲ್ಲು ಮತ್ತು ಬಾಲ ಇರುವ ಉಕ್ಕಿನ ತುಂಡನ್ನು ಅರಗು ತುಂಬಿದ ಮರದಲ್ಲಿ ಕೂರಿಸಿದೆ, ಸುತ್ತಿಗೆಯನ್ನು ಅವರಿಗೆ ಕೊಟ್ಟೆ.

"ಒಂದು ಪೆಟ್ಟು ಹಾಕಿ ಸಾಬ್ರೇ. ಕೋವಿ ಒದೆಯುವ ಕಡೆಯಿಂದ."

ಅವರು ಮೊದಲು ಸುತ್ತಿಗೆಯನ್ನಲ್ಲ, ಅರಗನ್ನು ನೋಡಿದರು. "ಇದ್ಯಾರು ತುಂಬಿದ್ದು?"

"ನಾನು."

"ಅಲ್ಲಾ!" ಎಂದರು. ಲೇತಿನ ಮೇಲಿದ್ದ ತಮ್ಮ ನಕ್ಕುಬಿಟ್ಟ.

ಅವರು ಹೊಡೆದರು. ಮರ ಎಳೆಯ ಉದ್ದಕ್ಕೆ ಸೀಳಿ ಎರಡು ಹೋಳಾಗಿ ಜಗಲಿಯ ಎರಡು ಕಡೆಗೆ ಬಿತ್ತು. ರಹಮತ್ ಎರಡನ್ನೂ ಎತ್ತಿ ಬೆಳಕಿಗೆ ಹಿಡಿದರು. ಸೀಳು ಅರಗಿನ ಮಧ್ಯದಿಂದ ಹೊರಟದ್ದನ್ನು ಉಗುರಿನಿಂದ ಹಿಂಬಾಲಿಸಿದರು. ಆಮೇಲೆ ತಾವೇ ಉಕ್ಕನ್ನು ಇನ್ನೊಂದು ಮರದಲ್ಲಿ ಕೂರಿಸಿ ಹೊಡೆದರು. ಎರಡನೆಯ ಸಲ ಇನ್ನೂ ಜೋರಾಗಿ. ಐದಾರು ಪೆಟ್ಟು ಬಿದ್ದಿರಬೇಕು. ಮರ ಹಿಂದಕ್ಕೆ ಜಾರುತ್ತಿತ್ತು, ಸೀಳಲಿಲ್ಲ.

ಅವರು ಕೇಳುವ ಮೊದಲೇ ನಾನು ಕಾರಣ ಹೇಳತೊಡಗಿದೆ. ಹಲ್ಲು ಏನು ಮಾಡುತ್ತದೆ, ಬಾಲ ಏನು ಮಾಡಬಾರದು, ಸಂದು ಎಷ್ಟು, ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ. ನಡುವೆ ಒಂದು ಸಲ, "ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ" ಎಂದೆ. ನಾಲ್ಕನೆಯದು ಉಳಿದದ್ದನ್ನೂ ಇನ್ನು ಹನ್ನೊಂದು ಮರ ಅವರ ಕೈಗೆ ಕಾದಿರುವುದನ್ನೂ ಹೇಳಿದೆ. ಅಷ್ಟು ಹೊತ್ತು ಒಂದೇ ಸಮನೆ ನಾನು ಅದಕ್ಕಿಂತ ಮೊದಲು ಯಾರೊಂದಿಗೂ ಮಾತನಾಡಿದ ನೆನಪಿಲ್ಲ. ಅವರ ಹೆಂಡತಿ ಪರದೆಯ ಹಿಂದಿನಿಂದ ಚಹಾದ ಲೋಟ ಕೊಟ್ಟರು, ಅದು ಆರಿಹೋಯಿತು.

ರಹಮತ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ತಮ್ಮನ ರಾಶಿಯಿಂದ ಗೊಂಬೆಗೆ ಬಳಸುವ ಆಲೆ ಮರದ ಒಂದು ತುಂಡು ಹೆಕ್ಕಿದರು. ಉಳಿಗಳನ್ನು ಸುತ್ತಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಸಣ್ಣದೊಂದನ್ನು ತೆಗೆದು ನನ್ನ ಕಡೆ ಚಾಚಿದರು.

"ಸಂದು ಅಂದ್ರೆ ಬರೀ ಅಂಕೆ ನೋಡಿ ಕೊರೆಯೋಕೆ ನಂಗೆ ಬರಲ್ಲ ಮೇಡಮ್ಮ. ಕೈ ನೋಡ್ಬೇಕು. ನಾಳೆ ಹನ್ನೊಂದು ಮರಕ್ಕೂ ಒಂದೇ ಥರ ಇರ್ಬೇಕಲ್ಲ? ನೀವು ಕೊರೀರಿ, ನಾನು ನೋಡ್ತೀನಿ."

ನಾನು ನೂರಾರು ಸಂದು ಬರೆದಿದ್ದೆ, ಒಂದನ್ನೂ ಕೊರೆದಿರಲಿಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿ ಅವರ ಪಕ್ಕದಲ್ಲಿ ಕುಳಿತು, ಉಳಿ ಹಿಡಿದೆ.